ನನ್ನ ಕಾಲ್ಗುಣದ ಸಂಶೋಧನೆ

ನಮ್ಮಲ್ಲಿ ಕಾಲ್ಗುಣ ನೋಡುವುದು ಮನೆಗೆ ಬಂದ ಸೊಸೆಗೆ ಮಾತ್ರ. ಅವಳು ಬಂದ ವರ್ಷ ಹಸು ಹೆಣ್ಣುಕರು ಹಾಕಿದರೆ ಅವಳ ಕಾಲ್ಗುಣ, ಅದೇ ಹಸು ಬೇಲಿ ಹಾರಿ ಕಾಲು ಮುರಿದುಕೊಂಡರೂ ಅವಳ ಕಾಲ್ಗುಣ. ಗಂಡಸರ ಕಾಲಿಗೂ ಒಂದು ಗುಣವಿರಬಹುದೆಂದು ಯಾರೂ ಯೋಚಿಸಿದಂತಿಲ್ಲ. ವಿಮಲನನ್ನು ಮದುವೆಯಾದ ಎರಡೇ ತಿಂಗಳಿಗೆ ವಿಶ್ವವಿದ್ಯಾಲಯದ ಸಸ್ಯರೋಗ ವಿಭಾಗದಲ್ಲಿ ನನ್ನ ಕೆಲಸ ಖಾಯಂ ಆಯಿತು. ನಾನು ಐದು ವರ್ಷ ಬೂಷ್ಟಿನ ಜೊತೆ ಗುದ್ದಾಡಿ ಬರೆದ ಮಹಾಪ್ರಬಂಧವನ್ನು ಅಮ್ಮ ಲೆಕ್ಕಕ್ಕೇ ಹಿಡಿಯಲಿಲ್ಲ. "ಎಲ್ಲಾ ವಿಮಲನ ಕಾಲ್ಗುಣ" ಎಂದುಬಿಟ್ಟರು. ಆಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗಿತ್ತು. ಇಪ್ಪತ್ತು ವರ್ಷಗಳ ಮೇಲೆ, ಕಳೆದ ಮಳೆಗಾಲದಲ್ಲಿ, ನನಗೂ ನನ್ನದೇ ಆದ ಕಾಲ್ಗುಣವಿದೆ ಎಂಬುದು ಗೊತ್ತಾಯಿತು. ಅದನ್ನು ಪ್ರಯೋಗ ಮಾಡಿ ಸಾಬೀತುಪಡಿಸಿಯೂ ಇದ್ದೇನೆ. ಹೆಮ್ಮೆಯಿಂದ ಹೇಳಿಕೊಳ್ಳುವಂಥದ್ದಲ್ಲವಾದ್ದರಿಂದ ಇಲ್ಲಿ ಮೆಲ್ಲಗೆ ಹೇಳುತ್ತಿದ್ದೇನೆ.

ಮೂಡಿಗೆರೆಯ ಕ್ವಾರ್ಟರ್ಸಿನಲ್ಲಿ ವಾಸವಾಗಿರುವ ನನ್ನ ಕೆಲಸ ಕಾಳುಮೆಣಸಿನ ಸೊರಗು ರೋಗದ ಬೆನ್ನು ಹತ್ತುವುದು. ಕಾಫಿ ತೋಟದ ಮರಗಳನ್ನು ತಬ್ಬಿಕೊಂಡು ಮೇಲೇರುವ ಮೆಣಸಿನ ಬಳ್ಳಿಗಳಿಗೆ ಬರುವ ಮೃತ್ಯು ಅದು. ಕಣ್ಣಿಗೆ ಕಾಣದ ಒಂದು ಜೀವಿ ಮಣ್ಣಿನ ನೀರಿನಲ್ಲಿ ಈಜಿಕೊಂಡು ಬಂದು ಬೇರಿಗೆ ಹತ್ತುತ್ತದೆ. ಮೇಲೆ ನೋಡಿದರೆ ಬಳ್ಳಿ ಹಸಿರಾಗಿ, ನಗುನಗುತ್ತಾ ಇರುತ್ತದೆ. ಕೆಳಗೆ ಕೆಲಸ ಮುಗಿದಿರುತ್ತದೆ. ಆಮೇಲೆ ಒಂದು ಬೆಳಗ್ಗೆ, ಗಾಳಿಯೇ ಇಲ್ಲದ ಹೊತ್ತಿನಲ್ಲಿ, ಎಲೆಗಳು ಒಂದೊಂದಾಗಿ ಕಳಚಿ ಬೀಳತೊಡಗುತ್ತವೆ. ಟಪ್. ಸ್ವಲ್ಪ ಬಿಟ್ಟು ಇನ್ನೊಂದು, ಟಪ್. ಬಳ್ಳಿ ಗೆಣ್ಣುಗೆಣ್ಣಿಗೆ ಬಿಟ್ಟುಕೊಂಡು ಉದುರಿ, ಕೊನೆಗೆ ಮರದ ಮೇಲೆ ಕಪ್ಪು ಹಗ್ಗದ ಹಾಗೆ ಒಂದಿಷ್ಟು ಉಳಿಯುತ್ತದೆ. ಆ ಸದ್ದನ್ನು ಮಂಜಿನಲ್ಲಿ ಒಬ್ಬನೇ ನಿಂತು ಕೇಳಿದವನಿಗೆ ಮಾತ್ರ ಗೊತ್ತು, ಸಂಬಳಕ್ಕಾಗಿ ಮನುಷ್ಯ ಏನೇನು ಕೇಳಿಸಿಕೊಳ್ಳಬೇಕಾಗುತ್ತದೆ ಎಂದು.

ಕಳೆದ ವರ್ಷದ ಯೋಜನೆ ಬಹಳ ಸರಳವಾಗಿತ್ತು. ವಸ್ತಾರೆಯಿಂದ ಮಲ್ಲಂದೂರಿನವರೆಗೆ ರೋಗ ಬಾರದ ಏಳು ತೋಟಗಳನ್ನು ಆರಿಸಿಕೊಂಡು, ಪ್ರತಿ ತೋಟದಲ್ಲಿ ಐದು ಆರೋಗ್ಯವಂತ ಬಳ್ಳಿಗಳಿಗೆ ಗುರುತಿಗೆಂದು ಕೆಂಪು ರಿಬ್ಬನ್ ಕಟ್ಟುವುದು. ಬುಡದ ಮಣ್ಣು ಕೆದಕಿ ಸ್ವಲ್ಪ ಬೇರು, ಸ್ವಲ್ಪ ಮಣ್ಣು ತೆಗೆದುಕೊಂಡು ಬರುವುದು. ರೋಗ ಬಂದರೆ ಎಲ್ಲಿಂದ ಬಂತು, ಹೇಗೆ ಬಂತು ಎಂದು ಪತ್ತೆ ಹಚ್ಚುವುದು. ಹೋಲಿಸಿ ನೋಡಲು ರೋಗ ಬಂದಿದ್ದ ಒಂದೆರಡು ತೋಟಗಳಿಗೂ ನಾನು ಬೆಳಗ್ಗೆ ಮೊದಲು ಹೋಗಿ ಬರುತ್ತಿದ್ದೆ. ಶುಚಿತ್ವದಲ್ಲಿ ನನ್ನನ್ನು ಮೀರಿಸುವವರಿಲ್ಲ. ಕೈಗೆ ಗ್ಲೌಸು, ಚಾಕುವಿಗೆ ಸ್ಪಿರಿಟ್ಟು, ಪ್ರತಿ ಮಾದರಿಗೂ ಹೊಸ ಪ್ಲಾಸ್ಟಿಕ್ ಚೀಲ. ಬೆಳೆಗಾರರಿಗೆ ನಮ್ಮ ವಿಭಾಗದಿಂದ ಒಂದು ಕರಪತ್ರವನ್ನೂ ಹಂಚಿದ್ದೆವು. ಅದನ್ನು ಬರೆದವನು ನಾನೇ. ಅದರಲ್ಲಿ ಏನು ಬರೆದಿದ್ದೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ, ಈಗಲೇ ಹೇಳಲು ನಾಲಿಗೆ ಏಳುತ್ತಿಲ್ಲ.

ಮೂರು ವಾರಕ್ಕೆ ವಸ್ತಾರೆಯ ತೋಟದಿಂದ ಫೋನು ಬಂತು. ರಿಬ್ಬನ್ ಕಟ್ಟಿದ ಬಳ್ಳಿಗಳು ಸೊರಗುತ್ತಿವೆ. ಹೋಗಿ ನೋಡಿದೆ. ಸಾಲಿನಲ್ಲಿ ನೂರಾರು ಬಳ್ಳಿಗಳು ಹಸಿರಾಗಿದ್ದವು. ಮಂಜಿನ ನಡುವೆ ಐದು ಮಾತ್ರ ಬೋಳಾಗಿ ನಿಂತಿದ್ದವು. ಐದರ ಸೊಂಟದಲ್ಲೂ ಕೆಂಪು ರಿಬ್ಬನ್. ಕಾಕತಾಳೀಯ ಎಂದುಕೊಂಡೆ, ವಿಜ್ಞಾನಿಗಳಿಗೆ ತಲೆ ಕೆಟ್ಟಾಗ ಒದಗುವ ಪದ ಅದು. ಐದು ದಿನ ಬಿಟ್ಟು ಎರಡನೆಯ ತೋಟ, ಆಮೇಲೆ ಮೂರನೆಯದು. ನಾನು ಯಾವ ಕ್ರಮದಲ್ಲಿ ಹೋಗಿದ್ದೆನೋ ಅದೇ ಕ್ರಮದಲ್ಲಿ ಅವು ಸಾಯುತ್ತಿದ್ದವು, ಹಾಜರಿ ಪುಸ್ತಕ ನೋಡಿಕೊಂಡು ಹೆಸರು ಕರೆದ ಹಾಗೆ. ಆಲ್ದೂರಿನ ಹೋಟೆಲಿನಲ್ಲಿ ನಾನು ಕೂತರೆ ಪಕ್ಕದ ಬೆಂಚಿನ ಬೆಳೆಗಾರರು ಅರ್ಧ ಕಾಫಿ ಬಿಟ್ಟು ಏಳತೊಡಗಿದರು. ಪರಿಚಯದ ಒಬ್ಬರು ಮಾತ್ರ ಹತ್ತಿರ ಬಂದು, "ಬೇಜಾರ್ ಮಾಡ್ಕಬೇಡಿ ಸಾರ್, ನಮ್ ತೋಟಕ್ಕೆ ಬರೋದ್ ಬ್ಯಾಡ. ಫೋಟೋ ತೆಗ್ದು ವಾಟ್ಸಾಪ್ ಮಾಡ್ತೀವಿ, ಅಲ್ಲಿಂದ್ಲೇ ನೋಡ್ಬಿಡಿ" ಎಂದರು. ಬಾಗಿಲ ತನಕ ಹೋಗಿ ತಿರುಗಿ, "ಫೋಟೋನೂ ಬೇಡ ಬಿಡಿ" ಎಂದು ಹೋದರು.

ಹೀಗೆಲ್ಲ ಇದ್ದಾಗಲೂ ನನ್ನನ್ನು ಕರೆದವರು ಮಲ್ಲಂದೂರಿನ ಗಂಗಮ್ಮನವರು. ಎಪ್ಪತ್ತರ ಹತ್ತಿರದ ವಯಸ್ಸು. ತೋಟದ ಗಮ್‌ಬೂಟು ಹಾಕಿಕೊಂಡು, ಸೆರಗು ಸೊಂಟಕ್ಕೆ ಸಿಗಿಸಿ, ಮೇಸ್ತ್ರಿ ಚೆನ್ನಪ್ಪನಿಗಿಂತ ಮುಂದೆ ನಡೆಯುವ ಹೆಂಗಸು. ಗಂಡ ತೀರಿಕೊಂಡ ಮೇಲೆ ಸಣ್ಣ ತೋಟವನ್ನು ಒಬ್ಬರೇ ಎತ್ತಿ ನಿಲ್ಲಿಸಿದವರು. ಅವರ ತೋಟದಲ್ಲೂ ನನ್ನ ಐದು ಬಳ್ಳಿಗಳು ಹೋಗಿದ್ದವು. "ಸಾರ್, ತಪ್ಪು ತಿಳ್ಕಬೇಡಿ," ಎಂದ ಚೆನ್ನಪ್ಪ, ನನ್ನಿಂದ ಎರಡು ಮಾರು ದೂರ ನಿಂತು. "ನೀವ್ ರಿಬ್ಬನ್ ಕಟ್ಟಿದ್ ಬಳ್ಳಿಗಳೇ ಸಾಯ್ತಾವಲ್ಲ, ಅದ್ಕೆ ಕೆಲಸದೋರು ತೋಟದ ಆ ಪಟ್ಟೆಗೇ ಹೋಗಲ್ಲ ಅಂತಾರೆ." ಗಂಗಮ್ಮನವರು ಅವನನ್ನು ಗದರಿಸಿ, "ಅವ್ನ ಮಾತು ಬಿಡಿ ಮಾರಾಯ್ರೆ. ಮೇಲೆ ನಮ್ ತಾಯಿ ಬಳ್ಳಿ ಇದೆ, ಅದೊಂದನ್ನ ನೋಡ್ಬಿಡಿ. ಅದಕ್ಕೇನಾದ್ರೂ ಆದ್ರೆ ನಾನ್ ತಡ್ಕಳಲ್ಲ" ಎಂದರು. ತೋಟದ ತುದಿಯಲ್ಲಿ ಹಳೆಯ ಹಲಸಿನ ಮರಕ್ಕೆ ಹಬ್ಬಿದ ಬಳ್ಳಿ ಅದು. ಅವರ ಅತ್ತೆ ನೆಟ್ಟಿದ್ದಂತೆ. ಆ ತೋಟದ ಮೆಣಸೆಲ್ಲ ಅದರ ಕುಡಿಯಿಂದಲೇ ಆದದ್ದು. ಹೋದ ಬಳ್ಳಿಗಳ ಜಾಗಕ್ಕೆ ಮತ್ತೆ ನೆಡಬೇಕಾದರೂ ಅದರ ಕುಡಿಯೇ ಗತಿ. ಅದು ಹೋದರೆ ಅವರಿಗೆ ಮತ್ತೆ ಶುರು ಮಾಡಲು ಏನೂ ಉಳಿಯುವುದಿಲ್ಲ. ಸತ್ತ ಐದು ಬಳ್ಳಿಗಳ ಬುಡದ ಕೆಸರನ್ನೆಲ್ಲ ತುಳಿದಾಡಿ ಪರೀಕ್ಷೆ ಮುಗಿಸಿದ್ದ ನಾನು ನೇರವಾಗಿ ಮೇಲೆ ಹತ್ತಿದೆ. ತಾಯಿ ಬಳ್ಳಿಯ ಬುಡದಲ್ಲಿ ಕೂತು ಮಣ್ಣು ಕೆದಕಿದೆ, ಬೇರು ನೋಡಿದೆ, "ಏನೂ ಆಗಿಲ್ಲ, ಧೈರ್ಯವಾಗಿರಿ" ಎಂದೆ. ಅಭ್ಯಾಸಬಲದಿಂದ ಒಂದು ರಿಬ್ಬನ್ನನ್ನೂ ಕಟ್ಟಿದೆ. ಚೆನ್ನಪ್ಪ ಮುಖ ತಿರುಗಿಸಿಕೊಂಡ.

ಕೆಳಗಿಳಿದು ಬಂದಾಗ ನನ್ನ ಜೀಪಿನ ಕನ್ನಡಿಗೆ ಒಂದು ಕೆಂಪು ರಿಬ್ಬನ್ ಕಟ್ಟಿತ್ತು. ಕಟ್ಟಿದವರು ಯಾರೆಂದು ಸುತ್ತ ನೋಡಿದೆ. ಕಾಫಿ ಗಿಡಗಳು, ಮಂಜು, ಅಷ್ಟೇ. ಬಿಚ್ಚಲು ಕೈ ಎತ್ತಿದವನು ಹಾಗೇ ಇಳಿಸಿದೆ. ಹೆದರಿಕೆಯೇನಲ್ಲ. ಮುಟ್ಟಬೇಕು ಅನ್ನಿಸಲಿಲ್ಲ. ಮೂಡಿಗೆರೆ ತಲುಪುವವರೆಗೆ ಅದು ಕನ್ನಡಿಯ ಮೇಲೆ ಪಟಪಟ ಅನ್ನುತ್ತಲೇ ಇತ್ತು, ಮತ್ತು ನಾನು ತಿರುವುಗಳಲ್ಲಿ ಎಂದೂ ಇಲ್ಲದ ಹಾಗೆ ಹಾರ್ನ್ ಮಾಡುತ್ತಾ ಹೋದೆ.

ಇನ್ನು ಮನೆಯ ವಿಚಾರ. ನಮ್ಮ ಹಿತ್ತಲಿನ ನಲ್ಲಿಯ ಪಕ್ಕ ವಿಮಲ ತವರಿನಿಂದ ತಂದ, ಮೆಣಸಿನ ಕುಲಕ್ಕೇ ಸೇರಿದ ವೀಳ್ಯದೆಲೆಯ ಬಳ್ಳಿಯಿತ್ತು. ಮನೆಗೆ ಬಂದ ಹೆಂಗಸರಿಗೆ ಅದರ ಎಲೆಯಿಂದಲೇ ತಾಂಬೂಲ ಕೊಡಬೇಕು, ಅಂಗಡಿಯ ಎಲೆ ನಡೆಯುವುದಿಲ್ಲ. ಮಲ್ಲಂದೂರಿಂದ ಬಂದ ಮೂರನೆಯ ಬೆಳಗ್ಗೆ ಹಿತ್ತಲಿಗೆ ಹೋದವನು ನಿಂತಲ್ಲೇ ನಿಂತೆ. ಬಳ್ಳಿಯ ಬುಡದಲ್ಲಿ ಎಲೆಗಳ ರಾಶಿ. ನನ್ನ ಕಣ್ಣೆದುರೇ ಇನ್ನೊಂದು ಬಿತ್ತು, ಟಪ್. ಅದರ ಸೊಂಟದಲ್ಲಿ ಕೆಂಪು ರಿಬ್ಬನ್ ಇತ್ತು. ಇಪ್ಪತ್ತು ವರ್ಷ ಸೂಕ್ಷ್ಮಜೀವಿಗಳ ಪಾಠ ಹೇಳಿದ ನಾನು, ನಿಜ ಹೇಳುತ್ತೇನೆ, ಬಾಯಲ್ಲಿ ದೇವರ ಹೆಸರು ತಂದುಕೊಂಡೆ. ವಿಮಲ ಬಂದು, "ಎಂತಕ್ಕೆ ಹಂಗೆ ನಿಂತಿದ್ದೀರಿ? ಬಳ್ಳಿ ಯಾಕೋ ಜೋತು ಬಿದ್ದಿತ್ತು, ಕಟ್ಟೋಣ ಅಂದ್ರೆ ದಾರ ಸಿಗ್ಲಿಲ್ಲ. ಜೀಪಿನ ಕನ್ನಡೀಲಿ ಇದ್ದಿದ್ನ ಬಿಚ್ಚಿ ಕಟ್ಟಿದೆ" ಎಂದಳು. ಆಮೇಲೆ ನನ್ನ ಕಾಲ ಕಡೆ ನೋಡಿ, "ಎಷ್ಟ್ ಸಲ ಹೇಳಿದೀನಿ, ಆ ಬೂಟನ್ನ ಈ ನಲ್ಲಿ ಹತ್ರ ತೊಳೀಬೇಡಿ ಅಂತ. ಊರೆಲ್ಲಾರ ತೋಟದ ಕೆಸರು ನನ್ನ ಬಳ್ಳಿ ಬುಡಕ್ಕೇ ಬರ್ತದೆ" ಎಂದಳು.

ನಾನು ಬೂಟಿನ ಅಡಿ ತಿರುಗಿಸಿ ನೋಡಿದೆ. ಅಟ್ಟೆಯ ಸಂದುಗಳಲ್ಲಿ, ಬೆಳಗ್ಗೆ ಮೊದಲು ಹೋಗುತ್ತಿದ್ದ ರೋಗದ ತೋಟಗಳದ್ದೂ ಸೇರಿ, ಎಲ್ಲ ತೋಟಗಳ ಮಣ್ಣಿತ್ತು. ಕೈಗೆ ಗ್ಲೌಸು ಹಾಕಿದ ವಿಜ್ಞಾನಿ ಕಾಲಿನ ವಿಚಾರ ಮರೆತಿದ್ದ. ಇನ್ನು ಕರಪತ್ರದ ಮಾತು ಹೇಳಿಬಿಡುತ್ತೇನೆ. ಅದರ ಮೊದಲನೆಯ ಸಾಲು ಹೀಗಿತ್ತು: 'ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹೋಗುವ ಮುನ್ನ ಬೂಟುಗಳನ್ನು ಮೈಲುತುತ್ತದ ದ್ರಾವಣದಲ್ಲಿ ಅದ್ದಿ ತೊಳೆಯತಕ್ಕದ್ದು.' ತೊಳೆಯತಕ್ಕದ್ದು ಎಂಬುದು ಬೆಳೆಗಾರರಿಗೆ ಎಂದು ನಾನು ತಿಳಿದಿದ್ದೆ.

ಆದರೂ ಪರೀಕ್ಷೆ ಮಾಡದೆ ಒಪ್ಪಿಕೊಳ್ಳುವ ಜಾತಿಯವನಲ್ಲ ನಾನು. ಬೂಟಿನ ಕೆಸರನ್ನು ಕೆರೆದು ಒಂದು ಬೇಸನ್ ನೀರಿಗೆ ಹಾಕಿದೆ. ಅದರ ಮೇಲೆ ಆರೋಗ್ಯವಾದ ಎಲೆ ತೇಲಿಬಿಟ್ಟರೆ, ಮಣ್ಣಿನಲ್ಲಿ ರೋಗವಿದ್ದರೆ ಅದು ಈಜಿ ಬಂದು ಎಲೆಗೆ ಹತ್ತುತ್ತದೆ. ಎಲೆ ಕೇಳಿದೆ. ವಿಮಲ ಬಳ್ಳಿಯ ತುದಿಯಲ್ಲಿ ಉಳಿದಿದ್ದ ಒಂದೇ ಒಂದು ಒಳ್ಳೆಯ ಎಲೆಯನ್ನು ಕಿತ್ತು, ನನ್ನ ಕೈಗಿಟ್ಟು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಎರಡು ದಿನ ಎಲೆ ಹಸಿರಾಗಿ ತೇಲಿತು. ಮೂರನೆಯ ಬೆಳಗ್ಗೆ ಅದರ ನಡುವೆ ಒಂದು ಕಪ್ಪು ವೃತ್ತವಿತ್ತು, ಅಂಚು ಜಾಲರಿಯ ಹಾಗೆ ಹರಡಿಕೊಂಡು. ಬೇಸನ್ನಿನೊಳಗಿಂದ ಯಾರೋ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಂತಿತ್ತು. ನನಗೆ ಆಗ ನೆನಪಾದದ್ದು ಹಲಸಿನ ಮರದ ಬುಡ, ಅಲ್ಲಿ ನಾನು ಕುಕ್ಕರುಗಾಲಲ್ಲಿ ಕೂತು ಹೇಳಿದ ಧೈರ್ಯದ ಮಾತು.

ಅವತ್ತೇ ಹೊರಟೆ. ಬೂಟನ್ನು ಮನೆಯಲ್ಲೇ ಬಿಟ್ಟು, ಕಾಲು ತೊಳೆದು, ಹೊಸ ಹವಾಯಿ ಚಪ್ಪಲಿ ಹಾಕಿಕೊಂಡು ಗಂಗಮ್ಮನವರ ಗೇಟಿನ ಹೊರಗೆ ನಿಂತು ಕೂಗಿದೆ. ಅವರು ಬಂದರು. ಒಳಗೆ ಬನ್ನಿ ಎನ್ನಲಿಲ್ಲ. ನಾನೂ ಹೋಗುವ ಸ್ಥಿತಿಯಲ್ಲಿರಲಿಲ್ಲ. ಜಿಗಣೆಗಳು ಎರಡೂ ಕಾಲಿಗೆ ಹತ್ತುತ್ತಿದ್ದಾಗ ಎಲ್ಲವನ್ನೂ ಹೇಳಿದೆ. "ರೋಗ ತಂದಿದ್ದು ನಾನೇ ಅಮ್ಮ. ನನ್ನ ಬೂಟಲ್ಲಿ ಬಂದಿದೆ. ತಾಯಿ ಬಳ್ಳಿ ಬುಡದಲ್ಲೂ ಅದೇ ಬೂಟಲ್ಲಿ ಕೂತಿದ್ದೆ. ಆ ಮಣ್ಣನ್ನ ತಕ್ಷಣ ತೆಗೆಸಬೇಕು."

"ಆ ಮಣ್ಣು ಅವತ್ತೇ ತೆಗ್ಸಾಯ್ತು," ಎಂದರು ಗಂಗಮ್ಮನವರು. ನನಗೆ ಅರ್ಥವಾಗಲಿಲ್ಲ. "ನೀವ್ ತಿಳ್ಕಂಡೋರು, ಬೇಜಾರ್ ಮಾಡ್ಕಬಾರ್ದು. ನೀವ್ ಜೀಪ್ ಹತ್ತಿದ್ ಕೂಡ್ಲೆ ನಿಮ್ಮ ಹೆಜ್ಜೆ ಮಣ್ಣು ತೆಗ್ಸಿ, ಉಪ್ಪು ಮೆಣಸಿನಕಾಯಿ ಸೇರ್ಸಿ, ಬಳ್ಳಿಗೆ ನಿವಾಳಿಸಿ ಒಲೆಗೆ ಹಾಕ್ಸಿದೆ. ಒಂದ್ ಹಿಡಿ ಸಾಕಿತ್ತು. ಚೆನ್ನಪ್ಪ ಹೆದ್ರಿ ಎರಡು ಬುಟ್ಟಿ ಬಾಚಿದ. ಆಮೇಲೆ ಅಲ್ಲಿಗೆ ಸುಣ್ಣಾನೂ ಮೈಲುತುತ್ತಾನೂ ಹೊಯ್ಸಿದೆ. ನಿಮ್ ಕರಪತ್ರ ಉಗ್ರಾಣದ ಬಾಗ್ಲಿಗೆ ಅಂಟ್ಸಿದೀನಲ್ಲ."

ನಾನು ಬರೆದು ನಾನೇ ಓದದ ಪಾಠವನ್ನು ಅವರು ನನ್ನ ದೃಷ್ಟಿ ತೆಗೆಯಲು ಬಳಸಿದ್ದರು, ಮತ್ತು ಅದೇ ಸರಿಯಾದ ಚಿಕಿತ್ಸೆಯಾಗಿತ್ತು. ಅವರು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. "ಒಲೆಗೆ ಹಾಕಿದ್ರೆ ಮೆಣಸಿನಕಾಯಿ ಘಾಟೇ ಬರ್ಲಿಲ್ಲ ಸಾರ್. ಒಂಚೂರೂ ಬರ್ಲಿಲ್ಲ." ಘಾಟು ಬರದಿದ್ದರೆ ದೃಷ್ಟಿ ಬಲವಾಗಿದೆ ಎಂದರ್ಥ, ಇದು ನನ್ನ ಅಮ್ಮನಿಗೂ ಗೊತ್ತಿದ್ದ ಶಾಸ್ತ್ರ. ನಾನು ವಿಜ್ಞಾನಿಯ ಗತ್ತಿನಲ್ಲಿ, ಹಸಿ ಮಣ್ಣು ಬಿದ್ದು ಒಲೆ ಆರಿರುತ್ತದೆ, ಮೆಣಸಿನಕಾಯಿ ಸುಟ್ಟೇ ಇರುವುದಿಲ್ಲ ಎಂದು ವಿವರಿಸಿದೆ. "ಇರ್ಬೋದು ಸಾರ್," ಎಂದರು ಅವರು. ಆಮೇಲೆ ಒಳಗಿಂದ ಕಾಫಿ ತರಿಸಿ ಗೇಟಿನ ಮೇಲಿಂದ ಕೊಟ್ಟರು. ಲೋಟ ವಾಪಸ್ಸು ಕೊಡಲು ಹೋದರೆ, "ಅಲ್ಲೇ ಕಲ್ಲಿನ ಮೇಲೆ ಇಡಿ" ಎಂದರು.

ನಂತರದ ಮೂರು ವಾರ ನಾನು ಫೋನಿನ ಸದ್ದಿಗೆ ಬೆಚ್ಚಿಬೀಳುತ್ತಾ ಕಳೆದೆ. ಯಾವ ತೋಟದಲ್ಲಿ ನಿಂತರೂ ಹಲಸಿನ ಮರದಿಂದ ಎಲೆ ಬೀಳುವ ಸದ್ದು ಕಿವಿಯಲ್ಲಿರುತ್ತಿತ್ತು. ಉಳಿದ ತೋಟದವರಲ್ಲಿಗೂ ಹೋಗಿ ತಪ್ಪೊಪ್ಪಿಕೊಂಡೆ. ಕೆಲವರು ಬೈದರು, ಕೆಲವರು ಬೈಯಲೂ ಹತ್ತಿರ ಬರಲಿಲ್ಲ. ಕೊನೆಗೆ ಗಂಗಮ್ಮನವರ ಫೋನು ಬಂತು. "ತಾಯಿ ಬಳ್ಳಿ ಚಿಗುರು ಬಿಟ್ಟಿದೆ ಸಾರ್. ಚೆನ್ನಾಗಿದೆ." ನನಗಾದ ಸಂತೋಷ ಹೇಳತೀರದು. ನಾಳೆಯೇ ಬಂದು ನೋಡುತ್ತೇನೆ ಎಂದೆ. "ಬ್ಯಾಡ ಮಾರಾಯ್ರೆ," ಎಂದರು, ಬಹಳ ಪ್ರೀತಿಯಿಂದ. "ಚೆನ್ನಾಗಿದೆ ಅಂದ್ನಲ್ಲ."

ಈ ಮಾತು ಮನಸ್ಸಿಗೆ ನಾಟಿತು. ರೋಗ ಬೂಟಿನದು, ನನ್ನದಲ್ಲ ಎಂದು ಯಾರಿಗಾದರೂ ತೋರಿಸಲೇಬೇಕೆನಿಸಿತು, ಕೊನೆಗೆ ನನಗಾದರೂ. ಒಂದು ಭಾನುವಾರ ಬೆಳಗ್ಗೆ, ಬರಿಗಾಲಲ್ಲಿ ಅಂಗಳದಲ್ಲಿ ನಡೆದು ನನ್ನ ಹೆಜ್ಜೆಯ ಮಣ್ಣು ತೆಗೆದು, ಚೆನ್ನಾಗಿ ಒಣಗಿಸಿದೆ. ಹಿತ್ತಲ ಒಲೆಯಲ್ಲಿ ನಿಗಿನಿಗಿ ಕೆಂಡ ಮಾಡಿದೆ. ಒಂದು ಹಿಡಿ ಮಣ್ಣು, ಉಪ್ಪು, ನಾಲ್ಕು ಬ್ಯಾಡಗಿ, ನಾಲ್ಕು ಗುಂಟೂರು. ಕೆಂಡಕ್ಕೆ ಹಾಕಿ, ಮೂಗು ಮುಂದೆ ಮಾಡಿ ಕಾದೆ. ಮೆಣಸಿನಕಾಯಿಗಳು ಚಟಚಟ ಸಿಡಿದು ಕಪ್ಪಾದವು. ಹೊಗೆ ಎದ್ದಿತು. ನನ್ನ ಮೂಗಿಗೆ ಘಾಟು ತಾಗಲಿಲ್ಲ. ನೆಗಡಿಯಿರಬೇಕು ಎಂದುಕೊಂಡೆ, ಹವಾಯಿ ಚಪ್ಪಲಿಯಲ್ಲಿ ಮಳೆಯಲ್ಲಿ ಅಲೆದವನಿಗೆ ನೆಗಡಿ ಆಗದೆ ಇನ್ನೇನು? ಅಷ್ಟರಲ್ಲಿ ವಿಮಲ ಹೊರಗೆ ಬಂದು ಆ ಹೊಗೆಯ ನಡುವೆಯೇ ನನ್ನ ಪಕ್ಕ ನಿಂತಳು. ಅವಳು ಕೆಮ್ಮುವುದನ್ನೇ ಆಸೆಯಿಂದ ಎದುರುನೋಡುತ್ತಾ ಅವಳ ಮುಖ ನೋಡಿದೆ.

"ಎಂತ ಸುಡ್ತಿದ್ದೀರಿ?" ಎಂದು ಕೇಳಿದಳು ಅವಳು, ನಿಧಾನವಾಗಿ ಉಸಿರೆಳೆದುಕೊಂಡು. "ವಾಸನೆನೇ ಇಲ್ವಲ್ಲ."

ಅವಳಿಗೆ ನೆಗಡಿ ಇರಲಿಲ್ಲ.