ನನ್ನ ಹೊಟ್ಟೆಗೆ ತಾವು ಕಳಿಸಿದ ನೋಟಿಸು

ಮಾನ್ಯರೇ,

ವಾಚನಾಲಯದ ಕಾರ್ಯದರ್ಶಿಗಳೂ, ಮೌನದ ಪಾಲಕರೂ, ಫ್ಯಾನಿನ ಕೆಳಗಿನ ಏಕೈಕ ಮೆತ್ತನೆ ಕುರ್ಚಿಯ ಅಧಿಪತಿಗಳೂ ಆದ ತಮಗೆ ಚಪ್ಪಲಿ ಗೂಡಿನ ಪಕ್ಕದ ಸ್ಟೂಲಿನಿಂದ ಸವಿನಯ ನಮಸ್ಕಾರಗಳು. ಏಳನೆಯ ನಿಯಮದಂತೆ ಸದ್ದು ಮಾಡುವವರು ಒಳಗೆ ಕೂರುವಂತಿಲ್ಲ, ಆದ್ದರಿಂದ ನಾನು ಹೊರಗೆ ಕೂತು ಓದತಕ್ಕದ್ದು ಎಂಬ ತಮ್ಮ ನೋಟಿಸು ಕೈಸೇರಿ ಧನ್ಯನಾದೆ.

ಸದ್ದು ಮಾಡಿದ್ದು ನನ್ನ ಕರುಳು. ಅದರಲ್ಲಿ ಬೆಳೆದಿದ್ದ ಗಡ್ಡೆಯ ಜೊತೆ ಅದರ ಕೊನೆಯನ್ನೂ ತೆಗೆದ ಸರ್ಜನ್ನರು, ಉಳಿದದ್ದರ ಬಾಯನ್ನು ಹೊಟ್ಟೆಯ ಎಡಕ್ಕೆ ತೆರೆದು, ಮಲ ಸೇರಲು ಚೀಲ ಅಂಟಿಸಿ, ಇದಕ್ಕೆ ಕೊಲೊಸ್ಟಮಿ ಎನ್ನುತ್ತಾರೆಂದು ತಿಳಿಸಿದರು. ಆ ಬಾಯನ್ನು ಬಿಗಿಹಿಡಿಯುವ ಸ್ನಾಯು ಇಲ್ಲವಾದ್ದರಿಂದ ಅದು ಹೇಳಬೇಕಾದ್ದನ್ನು ಆಗಲೇ ಹೇಳಿಬಿಡುತ್ತದೆ. ತಮ್ಮ ಸಮಿತಿಯಲ್ಲಿ ಯಾರಿಗೂ ಈ ದೌರ್ಬಲ್ಯವಿಲ್ಲ.

ಮೂರು ತಿಂಗಳು ನಾನು ಹೊಸ್ತಿಲು ದಾಟಲಿಲ್ಲ, ಕನ್ನಡಿಯೆದುರು ಅಂಗಿ ತೆಗೆಯಲಿಲ್ಲ. ಚೀಲದ ಅಂಟುಪಟ್ಟಿಯಲ್ಲಿ ಆ ಬಾಯಿಯ ಅಳತೆಗೆ ಸರಿಯಾಗಿ ತೂತು ಕತ್ತರಿಸುವುದನ್ನು ನನಗಿಂತ ಮೊದಲು ಕಲಿತ ಹೆಂಡತಿ ಒಂದು ಬೆಳಿಗ್ಗೆ ಕತ್ತರಿಯನ್ನು ನನ್ನ ಕೈಗಿಟ್ಟು, "ಇನ್ಮೇಲೆ ನೀವೇ ಮಾಡ್ಕೊಳ್ಳಿ. ಮಾಡ್ಕೊಂಡು ನಿಮ್ಮ ವಾಚನಾಲಯಕ್ಕೆ ಹೋಗಿ ಬನ್ನಿ. ಅಲ್ಲಿನ ಗೊರಕೆ ಮುಂದೆ ನಿಮ್ಮ ಹೊಟ್ಟೆ ಯಾವ ಲೆಕ್ಕ" ಎಂದಳು. ಹಾಗೆ ಹೊರಟ ನನಗೆ ಅದು ಮೊದಲ ಜಾಗ. ಅಲ್ಲಿಂದಲೂ ಎಬ್ಬಿಸಿದರೆ ಎರಡನೆಯ ಜಾಗಕ್ಕೆ ಹೋಗುವ ಧೈರ್ಯ ನನಗಿಲ್ಲ.

ಆದ್ದರಿಂದ ತಾವು ಬಿಡುವು ಮಾಡಿಕೊಂಡು ಏಳನೆಯ ನಿಯಮವನ್ನು ನನ್ನ ಹೊಟ್ಟೆಗೆ ಸ್ಪಷ್ಟವಾಗಿ ಓದಿ ಹೇಳಿ ಅದರ ರುಜು ಪಡೆಯಬೇಕೆಂದೂ, ಅದು ಒಪ್ಪದಿದ್ದಲ್ಲಿ ಅದನ್ನು ಮಾತ್ರ ಹೊರಗೆ ಕೂರಿಸಿ ನನ್ನನ್ನು ಒಳಗೆ ಬಿಡಬೇಕೆಂದೂ ಕೋರುತ್ತೇನೆ.

ಅಂದಹಾಗೆ, ಆ ನಿಯಮ ಬರೆದವನು ನಾನೇ. ಹದಿನೆಂಟು ವರ್ಷದ ಹಿಂದೆ, ತಮ್ಮ ಮಧ್ಯಾಹ್ನದ ಗೊರಕೆಗೆ ಕಿಟಕಿಯ ಗಾಜು ನಡುಗುತ್ತಿದ್ದಾಗ, ನಾನೂ ಸಮಿತಿಯಲ್ಲಿದ್ದೆ. ತಾವು ಕೈಮುಗಿದು ಬೇಡಿಕೊಂಡದ್ದಕ್ಕೆ ಕರಗಿ ಒಂದು ಸಾಲು ಸೇರಿಸಿದೆವು: ಮನುಷ್ಯನ ಹತೋಟಿಯಲ್ಲಿಲ್ಲದ ದೇಹದ ಸದ್ದಿಗೆ ಈ ನಿಯಮ ಅನ್ವಯಿಸದು. ನಡಾವಳಿ ಪುಸ್ತಕ, ಪುಟ ನಲವತ್ತೊಂದು. ಕೆಳಗೆ ತಮ್ಮದೇ ರುಜು. ನಾಳೆ ಹತ್ತಕ್ಕೆ ಬಂದು ಕಿಟಕಿ ಪಕ್ಕದ ನನ್ನ ಕುರ್ಚಿಯಲ್ಲಿ, ತಮಗಾಗಿ ಬರೆದ ಆ ಸಾಲಿನ ಆಶ್ರಯದಲ್ಲಿ ಕೂರುತ್ತೇನೆ. ತಾವು ಎಂದಿನಂತೆ ನಿದ್ರಿಸಬಹುದು.

ಸದ್ದಿನಲ್ಲಿ ತಮಗಿಂತ ಬಹಳ ಕಿರಿಯನಾದ,
ತಮ್ಮ ವಿಶ್ವಾಸಿ,
ಸ್ಟೂಲಿನ ಸದಸ್ಯ

ತಾ.ಕ.: ನಾನು ಹಾದುಹೋದಾಗ ತಾವು ಮೂಗಿಗೆ ಕರವಸ್ತ್ರ ಹಿಡಿದದ್ದನ್ನು ಕಂಡೆ. ಚೀಲವನ್ನು ಮೂರು ಸಲ ಪರೀಕ್ಷಿಸದೆ ನಾನು ಮನೆ ಬಿಡುವುದಿಲ್ಲ. ತಮ್ಮ ಬೀರುವಿನ ಹಿಂದೆ ಇಲಿ ಸತ್ತಿದೆ. ಆ ಕುರಿತ ನನ್ನ ಎರಡು ಪತ್ರಗಳು ಅದೇ ಬೀರುವಿನ ಒಳಗಿವೆ.