ಎರಡು ಇಂಚು ಏಳು

ಬೆಳಗ್ಗೆ ವೈದ್ಯರು ಹೆಂಡತಿಯ ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಅದನ್ನು ಕಿವಿಯಿಂದ ತೆಗೆಯುವ ಮೊದಲೇ ತೀರ್ಪು ಕೊಟ್ಟರು.

"ಈ ಊರಿನ ತೇವದಲ್ಲಿ ಇವರು ಇನ್ನೊಂದು ಮಳೆಗಾಲ ತಡೆಯಲ್ಲ. ಒಣ ಹವೆ ಇರೋ ಕಡೆ ಕರ್ಕೊಂಡು ಹೋಗಿ."

"ವರ್ಷಕ್ಕೆ ಎಷ್ಟು ಇಂಚಿನೊಳಗೆ ಮಳೆ ಇರಬೇಕು?" ಎಂದು ಗಂಡ ಕೇಳಿದ. ವೈದ್ಯರು ಮುಂದಿನ ರೋಗಿಯನ್ನು ಕರೆದರು.

ಈ ಗಂಡನಿಗೆ ಹವಾಮಾನ ಕಚೇರಿಯವರು ಇಟ್ಟ ಹೆಸರು ದಶಾಂಶ. ಹನ್ನೊಂದು ವರ್ಷದಿಂದ ಅವನದು ಒಂದೇ ಕೆಲಸ. ದೇಶದ ಎರಡು ತುದಿಯಲ್ಲಿ ಎರಡು ವೀಕ್ಷಣಾ ಕೇಂದ್ರಗಳಿದ್ದವು, ಉತ್ತರದ ಬಯಲಿನಲ್ಲೊಂದು, ದಕ್ಷಿಣದ ಬೆಟ್ಟದಲ್ಲೊಂದು. ಅಲ್ಲಿನ ವೀಕ್ಷಕರು ತಿಂಗಳಿಗೊಮ್ಮೆ ಕಳಿಸುವ ಪುಸ್ತಕಗಳಿಂದ ಮಳೆ, ಸೆಕೆ, ತೇವಗಳ ಅಂಕಿ ಹೆಕ್ಕಿ, ಅಕ್ಕಪಕ್ಕ ಕೂರಿಸಿ, ಹೋಲಿಕೆಯ ಕೋಷ್ಟಕ ಬರೆಯಬೇಕು. ಬಯಲನ್ನೂ ಅವನು ಕಂಡಿರಲಿಲ್ಲ, ಬೆಟ್ಟವನ್ನೂ ಕಂಡಿರಲಿಲ್ಲ. ವೀಕ್ಷಕರು ಅಂಕಿಯಿಲ್ಲದೆ ಬರೀ ಮಾತಲ್ಲಿ ಟಿಪ್ಪಣಿ ಬರೆಯುವ ಷರಾ ಕಾಲಂ ಓದುತ್ತಲೂ ಇರಲಿಲ್ಲ. 'ಸುಮಾರು' ಎಂಬ ಮಾತು ಅವನ ಬಾಯಿಂದ ಮನೆಯಲ್ಲೂ ಬಿದ್ದದ್ದಿಲ್ಲ.

ಈಗ ಅವೇ ಎರಡು ಕೇಂದ್ರಗಳಲ್ಲಿ ಜಾಗ ಖಾಲಿಯಾಗಿತ್ತು. ದಶಾಂಶನೂ ಸೇರಿ ಕಚೇರಿಯ ಇಬ್ಬರು ಹಿರಿಯ ಗುಮಾಸ್ತರು ಒಂದೊಂದು ಕಡೆ ಹೋಗಬೇಕು, ಯಾರು ಎಲ್ಲಿಗೆ ಎಂದು ಇವತ್ತು ಸಂಜೆ ಐದರೊಳಗೆ ಬರೆದುಕೊಡಬೇಕು. ಒಮ್ಮೆ ಬರೆದುಕೊಟ್ಟರೆ ಎಂಟು ವರ್ಷ ಕದಲುವಂತಿಲ್ಲ.

"ಬಯಲು ಕಣೇ," ಎಂದ ಅವನು, ಹೆಂಡತಿಯನ್ನು ಮನೆಯ ಮೆಟ್ಟಿಲು ಹತ್ತಿಸುತ್ತ. "ವರ್ಷಕ್ಕೆ ಎರಡು ಇಂಚು ಏಳು ಮಳೆ. ಅಷ್ಟೇ."

ಆಕೆ ಮೂರನೇ ಮೆಟ್ಟಿಲಲ್ಲಿ ನಿಂತು ಉಸಿರು ಎಳೆದುಕೊಂಡಳು. ಎದೆಯೊಳಗೆ ಸೀಟಿ ಊದಿದ ಹಾಗೆ ಸದ್ದು ಬಂತು. "ಇಲ್ಲಿ ಎಷ್ಟು?"

"ಅರವತ್ತೆಂಟು ಇಂಚು ಮೂರು. ಅಲ್ಲಿ ಕೊಡೆ ಯಾಕೆ ಬೇಕು ಹೇಳು? ಪಕ್ಕದ ಮನೆಯವರಿಗೆ ಕೊಟ್ಟುಬಿಡು."

ಆಕೆ ನಕ್ಕಳು. ನಕ್ಕಿದ್ದಕ್ಕೆ ಕಾಲು ಗಂಟೆ ಕೆಮ್ಮಿದಳು. ದಶಾಂಶ ಅವಳ ಬೆನ್ನು ಸವರುತ್ತ ಕೂತ.

ಕಚೇರಿಯಲ್ಲಿ ಅವನ ಅರ್ಜಿ ಮೇಜಿಗೆ ಬೀಳುವ ಮೊದಲೇ ಸಲಹೆ ಶುರುವಾಯಿತು.

"ಬೆಟ್ಟಕ್ಕೆ ಹೋಗಿ ಸಾರ್," ಎಂದಳು ಬೆರಳಚ್ಚಿನಾಕೆ. "ನಮ್ಮ ಚಿಕ್ಕಮ್ಮ ಅಲ್ಲಿ ನಾಲ್ಕು ವರ್ಷ ಇದ್ರು. ಇನ್ನೂ ದೊಡ್ಡ ಬೆಟ್ಟಸಾಲು ಮುಂದೆ ನಿಂತು ಮೋಡ ಎಲ್ಲ ತಡೆಯುತ್ತಂತೆ. ಹಿಂಡಿ ಹಾಕಿದ ಬಟ್ಟೆ ಒಂದು ಗಂಟೇಲಿ ಒಣಗ್ತಿತ್ತಂತೆ."

"ಚಿಕ್ಕಮ್ಮನ ಬಟ್ಟೆಗೆ ದಶಾಂಶ ಉಂಟಾ?" ಎಂದು ಕೇಳಿದ ಅವನು.

"ಇಲ್ಲ ಸಾರ್, ಗುಂಡಿ ಉಂಟು," ಎಂದಳಾಕೆ.

ಎಲ್ಲರೂ ನಕ್ಕರು. ದಶಾಂಶನಿಗೆ ಮೈ ಉರಿಯಿತು. ಬಾಯಿಮಾತಿನವರ ಬಾಯಿ ಮುಚ್ಚಿಸಬೇಕೆಂದು ಕುರ್ಚಿ ಹತ್ತಿ, ಬಯಲಿನ ಹನ್ನೊಂದು ವರ್ಷದ ಪುಸ್ತಕಗಳ ಕಟ್ಟಿಗೆ ಕೈ ಹಾಕಿದ. ಕಟ್ಟು ಅವನ ಸಮೇತ ಕೆಳಗೆ ಬಂತು. ಬೂದು ಬಣ್ಣದ ಬೂಷ್ಟು ಹೊಗೆಯಂತೆ ಎದ್ದು ಇಡೀ ಕೋಣೆ ಸೀನಿತು.

"ಏನ್ರೀ ಇದು, ಬೂಷ್ಟು?" ಎಂದರು ಒಳಗಿನಿಂದ ಬಂದ ಸಾಹೇಬರು.

"ಅಂಚೆಯವರ ಕೆಲಸ ಸಾರ್," ಎಂದ ದಶಾಂಶ, ಮೂಗಿನ ರಕ್ತ ಒರೆಸಿಕೊಳ್ಳುತ್ತ. "ಬಯಲಿನ ಚೀಲವನ್ನು ಪ್ರತಿ ಸಲ ಎಲ್ಲೋ ನೀರಲ್ಲಿ ಇಡ್ತಾರೆ. ಹಾಳೆ ಬಿಡಿಸೋಕೆ ನನಗೆ ಎರಡು ದಿನ ಬೇಕು. ಹದಿನಾಲ್ಕು ದೂರು ಬರೆದಿದ್ದೀನಿ."

ಆಮೇಲೆ ಬಿದ್ದಲ್ಲೇ ಕೂತು ಕೋಷ್ಟಕವನ್ನು ಗಟ್ಟಿಯಾಗಿ ಓದಿದ. ಬಯಲಿನ ಮಳೆ ಎರಡು ಇಂಚು ಏಳು, ಬೆಟ್ಟದ ಮಳೆ ಹದಿನೆಂಟು ಇಂಚು ನಾಲ್ಕು. ಬಯಲಿನ ಗಾಳಿ ಸದಾ ಬೆಚ್ಚಗೆ, ಒಣಗಿ ಗರಿಗರಿ. ಅಷ್ಟಕ್ಕೇ ಬಿಡದೆ ವೀಕ್ಷಕರ ಗುಣವನ್ನೂ ಹೋಲಿಸಿದ. ಬಯಲಿನವನ ಉಪಕರಣಗಳು ಇವತ್ತಿಗೂ ಹೊಸದರಂತೆ ಹೊಳೆಯುತ್ತವೆ. ಬೆಟ್ಟದವನು ಎಲ್ಲವನ್ನೂ ತುಕ್ಕು ಹಿಡಿಸಿ ಮೂರು ಮೆಮೊ ತಿಂದಿದ್ದಾನೆ. ಅಂಥವನ ಅಂಕಿಯನ್ನು ಯಾರು ನಂಬುತ್ತಾರೆ?

ಓದಿ ಮುಗಿದಾಗ ಬೆರಳಚ್ಚಿನಾಕೆ ತನ್ನ ಯಂತ್ರದ ಕಡೆ ತಿರುಗಿ ಕೂತಳು. ವಾದ ಗೆದ್ದ ಖುಷಿ ಅವನಿಗೆ ಒಂದು ನಿಮಿಷ ಉಳಿಯಿತು.

"ಹಾಗಾದ್ರೆ ನಾನೂ ಬಯಲಿಗೇ," ಎಂದ ಹೋಗಬೇಕಾಗಿದ್ದ ಇನ್ನೊಬ್ಬ, ಮೂಲೆಯ ಮೇಜಿನ ಗುಮಾಸ್ತ. ಸದಾ ಮಂಡಿನೋವು ಎನ್ನುತ್ತಿದ್ದ ಅವನನ್ನು ಎಲ್ಲರೂ ಮಂಡಿ ಎಂದೇ ಕರೆಯುತ್ತಿದ್ದರು. ಬೆಟ್ಟಕ್ಕೆ ಬರೆದಿದ್ದ ಅರ್ಜಿಯನ್ನು ಅವನು ಎಲ್ಲರೆದುರೇ ನಾಲ್ಕು ಚೂರು ಮಾಡಿದ. "ಬೆಚ್ಚಗಿನ ಒಣ ಹವೆ ಅಂದ್ರೆ ನನ್ನ ಮಂಡಿಗೆ ಹೇಳಿ ಮಾಡಿಸಿದ್ದು. ಇಷ್ಟು ದಿನ ಯಾಕ್ರೀ ಮುಚ್ಚಿಟ್ಟಿದ್ರಿ?"

ದಶಾಂಶ ತನ್ನ ತಲೆ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಿದ್ದ. ಮಧ್ಯಾಹ್ನವೆಲ್ಲ ಮಂಡಿಯ ಹಿಂದೆ ತಿರುಗಿದ. ಹೆಂಡತಿಯ ಎದೆಯ ಸೀಟಿಯನ್ನು ಬಣ್ಣಿಸಿದ, ವೈದ್ಯರ ಮಾತು ಹೇಳಿದ, ಕಡೆಗೆ ಕೈ ಮುಗಿದ.

"ಅಯ್ಯೋ ಪಾಪ," ಎಂದ ಮಂಡಿ ಪ್ರಾಮಾಣಿಕವಾಗಿ. "ಆದ್ರೆ ಮಂಡಿ ನಂದಲ್ವೇನ್ರೀ? ಒಂದು ಮಾಡಿ. ನಿಮ್ಮ ಬಡ್ತಿ ಸರದಿ ನನಗೆ ಬಿಟ್ಟುಕೊಡಿ, ನಾನು ಬೆಟ್ಟದಲ್ಲಿ ಹೆಡ್ ಗುಮಾಸ್ತನಾಗಿ ನರಳ್ತೀನಿ."

ಹದಿನೇಳು ವರ್ಷ ಕಾದ ಸರದಿ ಅದು. ದಶಾಂಶ ಒಂದು ಉಸಿರಿನಷ್ಟು ಹೊತ್ತು ಯೋಚಿಸಿದ. ಆ ಒಂದು ಉಸಿರು ಎಷ್ಟು ಬೆಲೆಯದೆಂದು ಬೆಳಗ್ಗೆ ಮೆಟ್ಟಿಲಲ್ಲಿ ಕಂಡಿದ್ದನಲ್ಲ. ಬರೆದುಕೊಟ್ಟ.

ಐದಕ್ಕೆ ಹತ್ತು ನಿಮಿಷವಿದ್ದಾಗ ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. "ಇನ್ನೊಮ್ಮೆ ಯೋಚಿಸಿ. ದೂರದ ಬೆಟ್ಟ ನುಣ್ಣಗೆ ಅಂತಾರೆ."

"ನಾನು ಹೋಗೋದು ಬಯಲಿಗೆ ಸಾರ್," ಎಂದ ದಶಾಂಶ. ಸಹಿ ಬಿತ್ತು, ಮೊಹರು ಬಿತ್ತು.

ಹೊರಗೆ ಬಂದರೆ ಅವನ ಮೇಜಿನ ಪಕ್ಕ ಒಬ್ಬ ಒಣಕಲು ಮನುಷ್ಯ ಕೂತಿದ್ದ. ಕಾಲ ಬಳಿಯ ತಗಡಿನ ಪೆಟ್ಟಿಗೆಯ ಮೇಲೆ ಹಸಿರು ಪಾಚಿ. ಏಳಲು ಹೋಗಿ ಕೆಮ್ಮಿದ, ಕೆಮ್ಮಿ ಕೂತ. ಅವನ ಎದೆಯ ಸೀಟಿ ದಶಾಂಶನಿಗೆ ಪರಿಚಿತವಾಗಿತ್ತು.

"ಬಯಲಿನ ವೀಕ್ಷಕ ಸಾರ್, ಬೀಗದ ಕೈ ಕೊಡೋಕೆ ಬಂದೆ. ಉಬ್ಬಸ ಅಂತ ನಿವೃತ್ತಿ ಕೊಟ್ರು. ಅಲ್ಲಿಗೆ ಹೋಗೋ ಮುಂಚೆ ಇರಲಿಲ್ಲ."

"ಒಣ ಹವೆಯಲ್ಲಿ ಉಬ್ಬಸವೇ?"

"ಒಣ ಹವೆ ಎಲ್ಲಿ ಸಾರ್? ಎಂಟು ತಿಂಗಳು ಬಿಡದೆ ಸುರಿಯುತ್ತೆ. ವರ್ಷಕ್ಕೆ ಎರಡು ಸಲ ನದಿ ಮನೆಯೊಳಗೆ ಬರುತ್ತೆ. ಷರಾ ಕಾಲಂನಲ್ಲಿ ದಿನಾ ಬರೀತಿದ್ದೆನಲ್ಲ, ಹೊರಗೆ ಜೋರು ಮಳೆ ಅಂತ."

ದಶಾಂಶ ಮೇಜಿನ ಮೇಲಿನ ಕೋಷ್ಟಕ ಎಳೆದುಕೊಂಡ. "ಮತ್ತೆ ಎರಡು ಇಂಚು ಏಳು?"

"ಅದು ಎರಚಲು ಸಾರ್. ಮಳೆಮಾಪಕ ಜಗಲಿ ಮೇಲಿದೆ, ಸೂರಿನ ಕೆಳಗೆ. ಗಾಳಿ ಬೀಸಿದಾಗ ಅಷ್ಟು ಒಳಗೆ ಬೀಳುತ್ತೆ. ಮಿಕ್ಕ ಉಪಕರಣಗಳು ಒಳಕೋಣೇಲಿ, ಪಕ್ಕದಲ್ಲೇ ಇದ್ದಿಲಿನ ಒಲೆ. ಒಂದಕ್ಕಾದ್ರೂ ತುಕ್ಕು ಬರೋಕೆ ಬಿಟ್ಟಿದ್ರೆ ಕೇಳಿ."

"ಮಳೆಮಾಪಕವನ್ನ ಸೂರಿನ ಕೆಳಗೆ ಇಡೋಕೆ ನಿಮಗೆ ಯಾರು ಹೇಳಿದ್ರು?"

ಆ ಮನುಷ್ಯ ಪೆಟ್ಟಿಗೆ ತೆರೆದು, ಗಾಜಿನ ಚೌಕಟ್ಟು ಹಾಕಿಸಿದ ಒಂದು ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿಕೊಟ್ಟ. ಹನ್ನೊಂದು ವರ್ಷದ ಹಿಂದಿನ ಸುತ್ತೋಲೆ. 'ಯಾವುದೇ ಉಪಕರಣವೂ ಮಳೆಯಲ್ಲಿ ನೆನೆಯದಂತೆ ಕಾಪಾಡತಕ್ಕದ್ದು. ತಪ್ಪಿದಲ್ಲಿ ವೀಕ್ಷಕರೇ ಹೊಣೆ.' ಕೆಳಗೆ ದಶಾಂಶನದೇ ಸಹಿ, ದುಂಡಗೆ, ಕೊನೆಯಲ್ಲಿ ಒಂದು ಚುಕ್ಕೆ.

"ಬೆಟ್ಟದವನು ಇದನ್ನ ಹರಿದು ಹಾಕಿದನಂತೆ," ಎಂದ ಆತ ಬೇಸರದಿಂದ. "ಅವನ ಮಾಪಕ ಇವತ್ತಿಗೂ ಬೆಟ್ಟದ ಮೇಲೆ ಸೂರಿಲ್ಲದೆ ಮಳೆಯಲ್ಲೇ ಬಿದ್ದಿದೆ. ಎಲ್ಲರಿಗೂ ನಿಮ್ಮ ಮಾತಿನ ಬೆಲೆ ಗೊತ್ತಾಗಬೇಕಲ್ಲ ಸಾರ್."

ಸಾಹೇಬರ ಕೋಣೆಗೆ ಬೀಗ ಬಿದ್ದಿತ್ತು. ಮಂಡಿ ಆಗಲೇ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಹೋಗಿದ್ದ.

ಮನೆಯಲ್ಲಿ ಹೆಂಡತಿ ದಿಂಬಿಗೊರಗಿ ಕೂತಿದ್ದಳು. ಅರ್ಧ ಸಾಮಾನು ಕಟ್ಟಿ ಮುಗಿಸಿದ್ದಳು. "ಸಿಕ್ತಾ?"

"ಸಿಕ್ತು."

"ಇನ್ನೊಮ್ಮೆ ಹೇಳಿ, ಕೇಳೋಣ. ಮಳೆ ಎಷ್ಟು ಅಲ್ಲಿ?"

ದಶಾಂಶ ಗೋಡೆಯ ಕಡೆ ನೋಡಿದ. "ಸುಮಾರು ಎರಡು ಇಂಚು," ಎಂದ.

ಆಕೆ ಅವನ ಮುಖ ನೋಡಿದಳು. ಗೋಡೆ ಹಿಡಿದು ಎದ್ದು, ನಿಂತು ನಿಂತು ಉಸಿರು ತೆಗೆದುಕೊಳ್ಳುತ್ತ, ಕೊಡೆ ವಾಪಸು ಕೇಳಲು ಪಕ್ಕದ ಮನೆಗೆ ಹೊರಟಳು.