ಪೀಪಾಯಿ ಕೆಳಗಿನ ಗುಡಾಣ

“ಆ ಮನೆಯಲ್ಲಿ ವೈನ್ ತಣ್ಣಗಿರುತ್ತೆ, ಮನುಷ್ಯರು ಉಕ್ಕುತ್ತಾರೆ” ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು. ಎದುರುಮನೆಯ ತ್ಸಿಯಾಲಾ ಇನ್ನೊಂದು ಮಾತು ಸೇರಿಸುತ್ತಿದ್ದಳು: “ಲಮಾರಾಗೆ ಸ್ವರ್ಗ ಖಾತ್ರಿ ಕಣ್ರೇ. ನರಕದ ಪಾಲನ್ನ ಇಲ್ಲೇ ಮುಗಿಸ್ಕೊಂಡಿದ್ದಾಳೆ.”

ಅಲಜಾನಿ ಕಣಿವೆಯ ಆ ಹಳ್ಳಿಯಲ್ಲಿ ದ್ರಾಕ್ಷಿ ಬೆಳೆಯದ ಮನೆಯಿಲ್ಲ, ವೈನ್ ಮಾಡದ ಮನೆಯಿಲ್ಲ, ವೈನ್ ಬಗ್ಗೆ ಜಗಳವಾಡದ ಮನೆಯೂ ಇಲ್ಲ. ಬೇರೆಯವರು ಕುಡಿದ ಮೇಲೆ ಜಗಳವಾಡುತ್ತಿದ್ದರು. ಲಮಾರಾಳ ಮನೆಯಲ್ಲಿ ಕುಡಿಯುವುದಕ್ಕೆ ಮೊದಲೇ!

ಒಂದು ಕಡೆ ಅತ್ತೆ ದರೆಜಾನ್, ಎಂಬತ್ತೆರಡು ವರ್ಷ. ಅವಳ ಪ್ರಕಾರ ಕೆಂಪು ವೈನ್ ಅಂದರೆ ಜಗತ್ತಿನಲ್ಲಿ ಒಂದೇ. ನೆಲದಲ್ಲಿ ಕತ್ತಿನವರೆಗೆ ಹೂತ ಮಣ್ಣಿನ ಗುಡಾಣ, ಒಳಗೆ ಸಿಪ್ಪೆ ಬೀಜ ಸಮೇತ ಕಪ್ಪುದ್ರಾಕ್ಷಿ, ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಜೇಡಿಮಣ್ಣು, ಅದರ ಮೇಲೆ ದೇವರ ದಯೆ. ಇನ್ನೊಂದು ಕಡೆ ಅವಳ ಒಬ್ಬನೇ ಮಗ, ಲಮಾರಾಳ ಒಬ್ಬನೇ ಗಂಡ, ಜುಂಬೇರ್. ಅವನ ಪ್ರಕಾರ ಗುಡಾಣ ಅಜ್ಜಂದಿರ ಕಾಲದ್ದು, ಈಗಿನ ಕಾಲಕ್ಕೆ ಓಕ್ ಮರದ ಪೀಪಾಯಿಯೇ ಸರಿ. ಹೀಗೆ ಇಪ್ಪತ್ತಾರು ವರ್ಷ! ಒಮ್ಮೆಯಂತೂ ತಾಯಿ ಮಗ ಮಾತು ಬಿಟ್ಟು ಒಂದಿಡೀ ಚಳಿಗಾಲ ಕಳೆದರು.

“ಲಮಾರಾ, ನಿನ್ನ ಗಂಡನಿಗೆ ಹೇಳು, ರೊಟ್ಟಿ ಈ ಕಡೆ ತಳ್ಳಲಿ.”

“ಲಮಾರಾ, ನಿನ್ನ ಅತ್ತೆಗೆ ಹೇಳು, ಕೈ ಚಾಚಿದ್ರೆ ಸಿಗುತ್ತೆ.”

ಮೂವರೂ ಒಂದೇ ಮೇಜಿನಲ್ಲಿ! ಮೇಜಿನ ಉದ್ದ ಒಂದೂವರೆ ಮೀಟರ್! ಲಮಾರಾ ರೊಟ್ಟಿಯನ್ನೂ ಮಾತನ್ನೂ ಆ ಕಡೆಯಿಂದ ಈ ಕಡೆಗೆ ಸಾಗಿಸಿ, ಕೊನೆಗೆ ತಾನು ತಣ್ಣಗಾದ ಸಾರು ಕುಡಿಯುತ್ತಿದ್ದಳು.

ಹೀಗಿರುವಾಗ ಮಗಳು ಎತೇರಿಗೆ ಸಂಬಂಧ ಕೂಡಿಬಂತು. ಹುಡುಗ ಬೆಸಿಕ್, ರಾಜಧಾನಿ ತ್ಬಿಲಿಸಿಯವನು. ಇಬ್ಬರೂ ಒಬ್ಬರನ್ನೊಬ್ಬರು ಮೊದಲೇ ಮೆಚ್ಚಿಕೊಂಡಿದ್ದರು, ಹಿರಿಯರ ಪಾಲಿಗೆ ಉಳಿದದ್ದು ಊಟ ಮಾತ್ರ. ಜೂನ್ ತಿಂಗಳಲ್ಲಿ ಮಾತುಕತೆಗೆಂದು ಹುಡುಗನ ಅಪ್ಪ ಅವ್ತಂದಿಲ್ ಬಂದರು. ಮುದುಕಿ ತನ್ನ ಕೈಯಾರೆ ಗುಡಾಣದ ವೈನನ್ನು ಬಟ್ಟಲಿಗೆ ಸುರಿದು ಮುಂದಿಟ್ಟಳು. ಬೀಗರು ಒಂದು ಗುಟುಕು ಕುಡಿದರು. ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು.

“ಹಳೇ ಶೈಲಿ,” ಎಂದರು. “ಗಟ್ಟಿ ಆಳು ಇದು. ಕೈ ಕುಲುಕಿದ್ರೆ ಬೆರಳು ಮುರಿಯುತ್ತೆ. ನಮ್ಮ ಕಡೆ ಈಗೆಲ್ಲ ಪೀಪಾಯಿದು. ಮೆತ್ತಗೆ, ರೇಷ್ಮೆ ಥರ.”

“ರೇಷ್ಮೆ ಬೇಕಾದೋರು ಬಟ್ಟೆ ಅಂಗಡಿಗೆ ಹೋಗ್ತಾರೆ, ಬೀಗರೇ,” ಎಂದಳು ಮುದುಕಿ.

ಅವ್ತಂದಿಲ್ ಸಂಭಾವಿತರು, ನಕ್ಕು ಸುಮ್ಮನಾದರು. ಜುಂಬೇರ್ ಸುಮ್ಮನಾಗಲಿಲ್ಲ. ಮುಂದಿನ ವಾರವೇ ಲಾರಿಯಲ್ಲಿ ಹೊಚ್ಚಹೊಸ ಓಕ್ ಪೀಪಾಯಿ ಬಂದಿಳಿಯಿತು. “ಮದುವೆಗೆ ನನ್ನ ರೇಷ್ಮೆ!” ಎಂದು ಅವನು ಬೀದಿಗೆಲ್ಲ ಸಾರಿದ. ಮುದುಕಿ ಬಾಗಿಲಲ್ಲಿ ನಿಂತು, “ಶವಪೆಟ್ಟಿಗೆ ಗುಂಡಗೆ ಮಾಡಿಸಿದ್ದೀಯಲ್ಲೋ, ಯಾರಿಗೆ?” ಎಂದಳು.

ಆ ಸಂಜೆ ಎತೇರಿ ಅಡುಗೆಮನೆಯಲ್ಲಿ ಬಿಕ್ಕಿಬಿಕ್ಕಿ ಅತ್ತಳು. “ಅಮ್ಮಾ, ಇವರಿಬ್ರೂ ನನ್ನ ಮದುವೇಲೂ ಹೀಗೇ ಶುರು ಮಾಡಿದ್ರೆ ಆ ಮನೇಲಿ ನಾನು ಹೇಗೆ ತಲೆಯೆತ್ತಲಿ?”

ಲಮಾರಾ ಸೌಟು ಎತ್ತಿಹಿಡಿದು ಪ್ರತಿಜ್ಞೆ ಮಾಡಿದಳು. “ಸುತ್ತ ದೊಡ್ಡ ದೊಡ್ಡ ಸಾಮ್ರಾಜ್ಯಗಳು ಕಾದಾಡಿದ್ರೂ ಮಧ್ಯದಲ್ಲಿ ಈ ದೇಶ ಬದುಕಿಲ್ವಾ? ಹಾಗೆ ನಾನೂ ನಿಭಾಯಿಸ್ತೀನಿ! ನೀನು ಈ ಹೊಸಿಲು ದಾಟೋವರೆಗೆ ವೈನ್ ವಿಷಯಕ್ಕೆ ಈ ಮನೇಲಿ ಒಂದು ಬಿಸಿ ಮಾತು ಎದ್ದರೆ ನನ್ನ ಹೆಸರು ಲಮಾರಾನೇ ಅಲ್ಲ!”

ಸೌಟಿನಿಂದ ಸಾರು ತೊಟ್ಟಿಕ್ಕಿ ಅಂಗಿಯ ತೋಳೊಳಗೆ ಇಳಿಯಿತು. ಶಕುನ ಆಗಲೇ ಚೆನ್ನಾಗಿರಲಿಲ್ಲ.

ಜುಂಬೇರ್ ಹುಟ್ಟಿದಾಗಿನಿಂದ ಗುಡಾಣದ ಮನೆಯಲ್ಲೇ ಬೆಳೆದವನು. ಗುಡಾಣ ತೊಳೆದ ಮೇಲೆ ಒಳಗೆ ಒಂದು ಹನಿ ನೀರು ಉಳಿಯಬಾರದು, ಬಟ್ಟೆಯಲ್ಲಿ ಒರೆಸಿ ಒರೆಸಿ ಒಣಗಿಸಬೇಕು. ಅವನಿಗೆ ಗೊತ್ತಿದ್ದದ್ದು ಅದು. ಪೀಪಾಯಿಗೂ ಅದೇ ಉಪಚಾರ ಮಾಡಿದ. ಇಡೀ ಬೇಸಿಗೆ ಅಂಗಳದ ಬಿಸಿಲಲ್ಲಿ, ಮಗುವಿಗೆ ಎಣ್ಣೆ ಹಚ್ಚಿ ಕೂರಿಸಿದ ಹಾಗೆ, ಹೊರಳಿಸಿ ಹೊರಳಿಸಿ ಒಣಗಿಸಿದ. ದಾರಿಯಲ್ಲಿ ಹೋಗುತ್ತಿದ್ದ ತ್ಸಿಯಾಲಾಳ ಗಂಡ, “ಮರದ್ದಲ್ವೇನೋ ಅದು? ಮೊದಲು ನೀರು ತುಂಬಿಸಿ ನೆನೆಸ್ಬೇಕು ಅಂತಾರಪ್ಪ,” ಎಂದ.

“ನೀರಾ!” ಜುಂಬೇರ್ ಎದೆಯುಬ್ಬಿಸಿದ. “ವೈನ್ ಪಾತ್ರೆಗೆ ನೀರು ತೋರಿಸೋ ಮನೆತನ ಅಲ್ಲ ನಮ್ದು!”

ವೈನ್ ಕೋಣೆ ಚಿಕ್ಕದು. ಇದ್ದ ಮೂರು ಗುಡಾಣಗಳಲ್ಲಿ ಎರಡು ಬಿರುಕು ಬಿಟ್ಟು ಹಾಳಾಗಿದ್ದವು. ಉಳಿದ ಒಂದನ್ನು ಮುದುಕಿ ಆ ವರ್ಷವೂ ಹಠಕ್ಕೆ ಬಿದ್ದು ತೊಳೆಸಿ, ಒಣಗಿಸಿ, ಬಾಯಿ ತೆರೆದಿಟ್ಟಿದ್ದಳು. ಜುಂಬೇರ್ ಅದಕ್ಕೆ ಒಂದು ದ್ರಾಕ್ಷಿಯನ್ನೂ ಹಾಕಲಿಲ್ಲ. ಸಾಲದ್ದಕ್ಕೆ ಸರಿಯಾಗಿ ಅದರ ಬಾಯಿಯ ಮೇಲೆ ಎರಡು ತೊಲೆ ಅಡ್ಡಹಾಕಿ ಅದರ ಮೇಲೆ ಪೀಪಾಯಿಯನ್ನು ಪ್ರತಿಷ್ಠಾಪಿಸಿದ. “ಹಳೇದರ ತಲೆ ಮೇಲೆ ಹೊಸದು!” ಎಂದ. ಮುದುಕಿ ತುಟಿ ತೆರೆಯುವಷ್ಟರಲ್ಲಿ ಲಮಾರಾ ಅವಳ ಬಾಯಿಗೆ ಒಂದು ಅಂಜೂರ ಇಟ್ಟಳು. ಆ ಬೇಸಿಗೆಯಲ್ಲಿ ಮುದುಕಿ ತಿಂದ ಅಂಜೂರಕ್ಕೆ ಲೆಕ್ಕವಿಲ್ಲ.

ಅಕ್ಟೋಬರ್ ಕೊನೆಗೆ ಜುಂಬೇರ್ ತೊಟ್ಟಿಯಲ್ಲಿ ಹುದುಗಿಸಿದ ವೈನನ್ನು ಹಿಂಡಿ, ಸೋಸಿ, ಪೀಪಾಯಿಗೆ ತುಂಬಿಸಿದ. ಬೀಗರ ಮನೆಯಲ್ಲಿ ನಿಶ್ಚಿತಾರ್ಥ, ಹೊರಗೆ ಕಾರು ಕಾಯುತ್ತಿತ್ತು, ಎತೇರಿ ಆಗಲೇ ಹತ್ತಿ ಕೂತಿದ್ದಳು. ಮುದುಕಿಗೆ ಮಂಡಿನೋವು. ಅವಳನ್ನು ನೋಡಿಕೊಳ್ಳಲು ಲಮಾರಾ ಮನೆಯಲ್ಲೇ ಉಳಿಯಬೇಕು.

“ಜುಂಬೇರ್, ಕೆಳಗೆ ತೊಟ್ಟಿಕ್ತಾ ಇದೆ ನೋಡು.”

“ಬೆವರ್ತಾ ಇದೆ ಕಣೇ! ಹೊಸ ಜಾಗ ಅಲ್ವಾ? ಮೊದಲ ದಿನ ನೀನೂ ಹೀಗೇ ಬೆವರಿದ್ದೆ,” ಎಂದು ಹೇಳಿ ಹೊರಟೇಹೋದ.

ಮಾರನೇ ದಿನ ಬೆಳಗ್ಗೆ ಮುದುಕಿಯ ಕೂಗು ಕೇಳಿ ಲಮಾರಾ ಓಡಿದಳು. ಬೇಸಿಗೆಯೆಲ್ಲ ಒಣಗಿದ ಪೀಪಾಯಿಯ ಹಲಗೆಗಳು ಒಂದನ್ನೊಂದು ಬಿಟ್ಟು ನಿಂತಿದ್ದವು. ಅದು ಪೀಪಾಯಿಯಾಗಿ ಉಳಿದಿರಲಿಲ್ಲ, ಕಾಲಿದ್ದ ಜರಡಿಯಾಗಿತ್ತು! ಲಮಾರಾ ನೆಲದ ಮೇಲೆ ಹಾಗೇ ಕುಸಿದಳು. ಮುದುಕಿ ಮಾತ್ರ ಮಂಡಿನೋವು ಮರೆತು ಕೆಳಗೆ ಬಗ್ಗಿದ್ದಳು.

“ಅಳಬೇಡ, ಇಲ್ಲಿ ನೋಡು.”

ಪೀಪಾಯಿಯ ಕೆಳಗಿದ್ದ ಗುಡಾಣ ಕಂಠಮಟ ತುಂಬಿತ್ತು. ಕಪ್ಪಗೆ, ನಿಶ್ಚಿಂತೆಯಿಂದ ಹೊಳೆಯುತ್ತಿತ್ತು. ಮುದುಕಿ ಸೋರೆಬುರುಡೆಯ ಸೌಟಿನಲ್ಲಿ ಒಂದು ಗುಟುಕು ತೆಗೆದು ಚಪ್ಪರಿಸಿದಳು.

“ದಾರಿ ತಪ್ಪಿಸಿದ್ರೂ ಮನೆ ಸೇರಿದೆ, ಜಾಣ ಮುಂಡೇದು.”

“ಅತ್ತೆ, ಅವನಿಗೆ ಏನಂತ ಹೇಳೋದು?”

“ಏನಂತ ಹೇಳ್ತೀಯಾ? ನಾನೇ ತೂತು ಕೊರೆದೆ ಅಂತಾನೆ. ನಾನು ಸುಮ್ಮನಿರಲ್ಲ. ನನ್ನ ಸ್ವಭಾವ ನಂಗೆ ಗೊತ್ತು.”

ಲಮಾರಾಳ ಕಣ್ಣ ಮುಂದೆ ಒಂದೂವರೆ ಮೀಟರಿನ ಮೇಜು, ಮಗಳ ಕಣ್ಣೀರು, ತನ್ನ ಪ್ರತಿಜ್ಞೆ, ಎಲ್ಲ ಹಾದುಹೋದವು. ಎದ್ದು ಅಂಗಿಯ ತೋಳು ಮೇಲೇರಿಸಿದಳು. ಅತ್ತೆ ಸೊಸೆ ಸೇರಿ ಖಾಲಿ ಪೀಪಾಯಿಯನ್ನು ಪಕ್ಕಕ್ಕೆ ಉರುಳಿಸಿದರು, ಗುಡಾಣಕ್ಕೆ ಮುಚ್ಚಳ ಹಾಕಿ ಜೇಡಿಮಣ್ಣು ಮೆತ್ತಿದರು, ಅದರ ಮೇಲೆ ಮಣ್ಣು ಹರಡಿದರು, ಪೀಪಾಯಿಯನ್ನು ಮತ್ತೆ ಸಿಂಹಾಸನಕ್ಕೇರಿಸಿದರು. ಇಪ್ಪತ್ತಾರು ವರ್ಷದಲ್ಲಿ ಇಬ್ಬರೂ ಒಂದೇ ಕಡೆ ನಿಂತು ತಳ್ಳಿದ್ದು ಅದೇ ಮೊದಲು.

ಜುಂಬೇರ್ ಮರಳಿದ. ಹದಿನೈದು ದಿನ ಆನಂದವಾಗಿದ್ದ. ಆಮೇಲೆ ಒಂದು ದಿನ ವೈನ್ ಕೋಣೆಗೆ ಹೊಸ ಬೀಗ ಬಿತ್ತು, ಕೀಲಿ ಅವನ ಕೊರಳಿಗೇರಿತು. “ಗಾಳಿ ತಾಗಬಾರದು! ವಸಂತದವರೆಗೆ ಯಾರೂ ಮುಟ್ಟಬಾರದು!” ಎಂದು ಅಪ್ಪಣೆಯಾಯಿತು. ನೆಂಟರು ಬಂದರೆ ತಾನೇ ಒಳಗೆ ಕರೆದೊಯ್ದು ಪೀಪಾಯಿಯ ಹೊರಮೈಗೆ ಮೂಗು ಹಚ್ಚಿಸುತ್ತಿದ್ದ.

“ಹೇಗಿದೆ ಪರಿಮಳ? ಲಮಾರಾ, ನೀನೂ ಮೂಸು!”

ಲಮಾರಾ ಮೂಸುತ್ತಿದ್ದಳು. “ಆಹಾ! ವೆನಿಲಾ!” ಎನ್ನುತ್ತಿದ್ದಳು. ನವೆಂಬರಿನಲ್ಲಿ ವೆನಿಲಾ, ಕ್ರಿಸ್ಮಸ್ಸಿಗೆ ಚೆರ್ರಿ, ಫೆಬ್ರವರಿಯಲ್ಲಿ ಹೊಸದು ಹೊಳೆಯುವುದೇ ನಿಂತು ಮತ್ತೆ ವೆನಿಲಾ. ಖಾಲಿ ಪೀಪಾಯಿಯನ್ನು ಹೊಗಳೀ ಹೊಗಳೀ ಅವಳು ಅರ್ಧ ಇಳಿದುಹೋದಳು. ತುಂಬಿದ ಪೀಪಾಯಿಯನ್ನು ಹೊಗಳುವುದು ಸುಲಭ, ನಾಲ್ಕು ಗುಟುಕು ಕುಡಿದರೆ ಮಾತು ತಾನಾಗಿ ಬರುತ್ತೆ!

ಮೇ ತಿಂಗಳು. ಮದುವೆಯ ದಿನ. ಅಂಗಳದಲ್ಲಿ ಎಂಬತ್ತು ಜನಕ್ಕೆ ಉದ್ದನೆಯ ಮೇಜುಗಳು, ದ್ರಾಕ್ಷಿ ಕಡ್ಡಿಯ ಕೆಂಡದ ಮೇಲೆ ಮಾಂಸ, ತಟ್ಟೆ ತಟ್ಟೆ ಅಕ್ರೋಟು ತುಂಬಿದ ಬದನೆಕಾಯಿ. ರಾತ್ರಿ ಯಾರಿಗೂ ಗೊತ್ತಾಗದ ಹಾಗೆ ಕೀಲಿ ಕದ್ದು ಗುಡಾಣದ ವೈನನ್ನು ಹೂಜಿಗಳಿಗೆ ತುಂಬಿಡಬೇಕೆಂದು ಲಮಾರಾ ಮೂರು ದಿನದಿಂದ ಹೊಂಚುತ್ತಿದ್ದಳು. ಜುಂಬೇರ್ ಮೂರು ದಿನದಿಂದ ಮಲಗಿರಲೇ ಇಲ್ಲ. ಆ ಬೆಳಗ್ಗೆ ಅವನೇ ಅವಳ ಕೈ ಹಿಡಿದು ವೈನ್ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದ. ಮುಖ ಸುಣ್ಣದ ಹಾಗಿತ್ತು.

“ಲಮಾರಾ, ಕೂತ್ಕೋ. ಎದೆ ಗಟ್ಟಿ ಮಾಡ್ಕೋ. ಪೀಪಾಯಿ ಖಾಲಿ.”

ಲಮಾರಾ ಬಗ್ಗಿ ತೊಲೆಯ ಕೆಳಗಿನ ಮಣ್ಣು ನೋಡಿದಳು.

“ಬಡಿದು ನೋಡಿದೆ, ಡೋಲಿನ ಥರ ಸದ್ದು ಬಂತು. ನವೆಂಬರಿನಿಂದ ಗೊತ್ತು. ಗುಡಾಣದ ಬಾಯಿ ಅಮ್ಮ ಯಾವಾಗಲೋ ಮುಚ್ಚಿದ್ದಾಳೆ, ಎಲ್ಲ ಭೂಮಿತಾಯಿ ಕುಡಿದುಬಿಟ್ಟಳು.”

“ನಂಗೆ ಅಕ್ಟೋಬರಿನಿಂದ ಗೊತ್ತು.”

ಜುಂಬೇರ್ ಕೊರಳ ಕೀಲಿ ಹಿಡಿದುಕೊಂಡ. “ಗೊತ್ತಾ? ಮತ್ತೆ ವೆನಿಲಾ ಅಂತಿದ್ದೆ?”

“ನೀನು ಮೂಸು ಅಂತಿದ್ದೆ!”

“ನೀನು ವೆನಿಲಾ ಅಂದಾಗೆಲ್ಲ ನಂಗೆ ಹೊಟ್ಟೆಗೆ ಚೂರಿ ಹಾಕಿದ ಹಾಗಾಗ್ತಿತ್ತು! ಇವಳು ಇಷ್ಟು ನಂಬಿದ್ದಾಳಲ್ಲ ಅಂತ! ಅಮ್ಮನಿಗೆ ಗೊತ್ತಾದ್ರೆ ಊರೆಲ್ಲ ನಗ್ತಾಳೆ, ನಾನು ಸುಮ್ಮನಿರಲ್ಲ, ಎತೇರಿ ಮದುವೆ ಹಾಳಾಗುತ್ತೆ ಅಂತ ಆರು ತಿಂಗಳು ಈ ಕೀಲಿ ಹೊತ್ತೆನಲ್ಲೇ! ಕೊರಳಲ್ಲಿ ತುಕ್ಕಿನ ಗುರುತು ಬಿದ್ದಿದೆ ನೋಡು!”

ಲಮಾರಾ ನೋಡಿದಳು. ನಿಜಕ್ಕೂ ಬಿದ್ದಿತ್ತು. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡಕ್ಕೂ ತ್ರಾಣವಿರಲಿಲ್ಲ.

“ಪೀಪಾಯಿ ಸರಿಸು,” ಎಂದಳು.

ಮುದುಕಿಯನ್ನೂ ಕರೆದರು. ಮಣ್ಣು ಕೆದರಿ, ಜೇಡಿ ಒಡೆದು, ಮುಚ್ಚಳ ಎತ್ತಿದಾಗ ಬಂದ ಪರಿಮಳಕ್ಕೆ ಯಾರೂ ಹೆಸರಿಡಬೇಕಾಗಿರಲಿಲ್ಲ. ಜುಂಬೇರ್ ಮಂಡಿಯೂರಿ ಗುಡಾಣದೊಳಗೆ ಇಣುಕಿದ. ಭುಜ ಅಲುಗತೊಡಗಿತು.

“ಅಮ್ಮಾ...”

“ಹಿಂದೆ ಸರಿದು ಅಳೋ. ಕಣ್ಣೀರು ಬೀಳುತ್ತೆ. ನೀರು ತೋರಿಸೋ ಮನೆತನ ಅಲ್ಲ ನಮ್ದು.”

ತಾಯಿ ಮಗ ಇಬ್ಬರೂ ತಬ್ಬಿಕೊಂಡರು. ಲಮಾರಾ ಬಾಗಿಲಿಗೆ ಒರಗಿ ನಿಂತಳು. ಗೆದ್ದೆ! ಇಪ್ಪತ್ತಾರು ವರ್ಷದ ಯುದ್ಧ ಮುಗಿಯಿತು! ಹೂಜಿಗಳು ತುಂಬಿ ಅಂಗಳಕ್ಕೆ ಹೋದವು. ಹೂಜಿಯ ಹಿಂದೆಯೇ ಅವಳೂ, ಸೇನಾಪತಿಯ ಹಾಗೆ.

ಆ ಗೆಲುವು ಎರಡನೇ ಬಟ್ಟಲಿನವರೆಗೆ ಬಾಳಿತು.

ಅವ್ತಂದಿಲ್ ಕುಡಿದರು. ಎರಡೂ ಕಣ್ಣು ತೆರೆದೇ ಇದ್ದವು. ಎದ್ದು ನಿಂತು ಬಟ್ಟಲು ಎತ್ತಿದರು. “ಬೀಗರೇ! ಇದಪ್ಪ ರೇಷ್ಮೆ! ಅಪ್ಪಟ ಪೀಪಾಯಿ!”

“ಏನು ಪೀಪಾಯಿ?” ಪಕ್ಕದಲ್ಲಿದ್ದ ಅವರ ಅಣ್ಣ ಕೂತಲ್ಲೇ ಗುಡುಗಿದರು. “ನಿನ್ನ ಮೂಗೇನು ಬಾಡಿಗೆದಾ? ಮಣ್ಣಿನ ಘಮ ಬರ್ತಿದೆ! ಗುಡಾಣದ್ದು ಇದು!”

ಎಂಬತ್ತು ತಲೆಗಳು ಜುಂಬೇರನ ಕಡೆ ತಿರುಗಿದವು. ಲಮಾರಾ ದೂರದಿಂದಲೇ ಕೈಯಾಡಿಸಿದಳು, ಕಣ್ಣು ಮಿಟುಕಿಸಿದಳು, ಕೊನೆಗೆ ಕೈ ಮುಗಿದಳು.

“ಪೀಪಾಯಿದೇ,” ಎಂದ ಜುಂಬೇರ್. “ಒಂದಿಡೀ ರಾತ್ರಿ ಓಕ್‌ನಲ್ಲಿತ್ತು.”

“ಛತ್ರದಲ್ಲಿ ಒಂದು ರಾತ್ರಿ ಮಲಗಿದ್ರೆ ತಾಯಿ ಬದಲಾಗ್ತಾಳೇನೋ?” ಮುದುಕಿ ಕೋಲು ಕುಟ್ಟಿದಳು. “ಆರು ತಿಂಗಳು ನನ್ನ ಗುಡಾಣ ಹೊತ್ತಿದೆ!”

“ಸಿಪ್ಪೆ ಇಲ್ಲ, ಬೀಜ ಇಲ್ಲ, ಹೇಗಮ್ಮ ಗುಡಾಣದ್ದಾಗುತ್ತೆ?”

“ಸೋರಿದ ಮೇಲೂ ಪೀಪಾಯಿದು ಅಂತೀಯಲ್ಲೋ, ನಾಚಿಕೆ ಆಗಲ್ವಾ?”

ಅಂಜೂರಕ್ಕಾಗಿ ಲಮಾರಾ ಮೇಜೆಲ್ಲ ಹುಡುಕಿದಳು. ಮೇ ತಿಂಗಳಲ್ಲಿ ಎಲ್ಲಿಯ ಅಂಜೂರ! ಅಷ್ಟರಲ್ಲಿ ಮೇಜು ಎರಡಾಗಿ ಸೀಳಿತ್ತು. ಶುಭಾಶಯ ಹೇಳಲು ನೇಮಿಸಿದ್ದ ಹಿರಿಯ ಮೂರು ಸಲ ಎದ್ದು ಮೂರು ಸಲವೂ ಕೂತ. ವಾದ ಸಾಧಿಸಲು ಎಲ್ಲರಿಗೂ ಇನ್ನೊಂದು ಬಟ್ಟಲು ಬೇಕಾಗುತ್ತಿತ್ತು, ಕುಡಿದ ಮೇಲೆ ಇನ್ನೊಂದು ವಾದ ಹೊಳೆಯುತ್ತಿತ್ತು. ಬೀಗರ ಅಣ್ಣ ಮುದುಕಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಬೀಗರು ಜುಂಬೇರನ ಹೆಗಲ ಮೇಲೆ ಕೈ ಹಾಕಿ, “ಈ ಹಳೇ ಜನಕ್ಕೆ ತಿಳಿಯಲ್ಲ, ಬಿಡಿ,” ಎಂದರು. ಯಾರೂ ಯಾರ ಮೇಲೂ ಮುನಿಸಿಕೊಂಡಿರಲಿಲ್ಲ. ಯಾರೂ ಸುಮ್ಮನೂ ಆಗಲಿಲ್ಲ.

ಸಂಜೆ ಹೆಣ್ಣು ಹೊರಡುವ ಹೊತ್ತಾಯಿತು. ಬಿಳಿ ಉಡುಪಿನಲ್ಲಿ ಎತೇರಿ ಹೊಸಿಲಲ್ಲಿ ನಿಂತಳು. ಇನ್ನು ಬಂದರೂ ನೆಂಟಳಾಗಿಯೇ ಬರಬೇಕು, ಈ ಮನೆಯ ಹುಡುಗಿಯಾಗಿ ಹೊಸಿಲು ದಾಟುವುದು ಇದೇ ಕೊನೆ. ಜುಂಬೇರ್ ಓಡಿಬಂದು ಮಗಳನ್ನು ಅಪ್ಪಿ ಗೊಳೋ ಎಂದು ಅತ್ತ. ಅಂಗಳದಿಂದ ಯಾರೋ “ಓಕ್ ಮರಕ್ಕೆ ಏನು ಗೊತ್ತು?” ಎಂದು ಕೂಗಿದರು. ಅವನು ಕಣ್ಣೊರೆಸುತ್ತಲೇ ಹಿಂದಕ್ಕೆ ಓಡಿದ. ಗೇಟಿನ ಹತ್ತಿರ ಉಳಿದದ್ದು ಲಮಾರಾ ಒಬ್ಬಳೇ.

“ಅಮ್ಮಾ, ಒಂದು ಬಿಸಿ ಮಾತೂ ಏಳಲ್ಲ ಅಂದಿದ್ದೆ.”

“ಅಂದಿದ್ದೆ ಮಗಳೇ. ನಂಗೆ ಬೇರೆ ಹೆಸರಿಡು.”

“ಬೇಡ. ಮಾವ ಇಷ್ಟು ಖುಷಿಯಾಗಿದ್ದು ಬೆಸಿಕ್ ನೋಡೇ ಇಲ್ವಂತೆ,” ಎಂದು ಎತೇರಿ ನಕ್ಕು, ಅಮ್ಮನ ಕೆನ್ನೆಗೆ ಮುತ್ತಿಟ್ಟು ಕಾರು ಹತ್ತಿದಳು.

ಲಮಾರಾಳ ಎದೆ ಹಗುರಾಯಿತು. ಆ ಮನೆಯಲ್ಲಾದರೂ ಮಗಳು ಬಿಸಿ ಸಾರು ಕುಡಿಯಲಿ. ಅಳಿಯ ಒಳ್ಳೆಯ ಹುಡುಗ, ಮೆತ್ತನೆ ಮಾತಿನವನು, ಸಂಜೆಯಿಡೀ ಯಾವ ಕಡೆಯೂ ಸೇರಿರಲಿಲ್ಲ. ಬೆಸಿಕ್ ಕಾರಿನ ಕೀಲಿ ತಿರುಗಿಸಿದ. ಹೆಂಡತಿಯ ಕಡೆ ಪ್ರೀತಿಯಿಂದ ತಿರುಗಿ, ಸುಮ್ಮನೆ ಮಾತಿಗೆ ಕೇಳಿದ:

“ಅಂದಹಾಗೆ ಎತೇರಿ, ನಿಂಗೆ ಯಾವುದಿಷ್ಟ? ಗುಡಾಣದ್ದಾ, ಪೀಪಾಯಿದಾ?”

“ಬೇಡ!” ಲಮಾರಾ ಕಿಟಕಿಯೊಳಗೆ ತಲೆ ತೂರಿಸಿ ಚೀರಿದಳು. “ಉತ್ತರ ಕೊಡಬೇಡ ಮಗಳೇ! ಸತ್ಯವಾಗ್ಲೂ ಕೊಡಬೇಡ!”

ಕಾರು ಮುಂದೆ ಸರಿಯಿತು. ಲಮಾರಾ ನಾಲ್ಕು ಹೆಜ್ಜೆ ಹಿಂದೆ ಓಡಿ, ಏದುಸಿರು ಬಂದು ನಿಂತಳು. ತಿರುವಿನಲ್ಲಿ ಎತೇರಿಯ ದನಿ ಕೇಳಿಸಿತು. ಥೇಟ್ ಅಜ್ಜಿಯದೇ ದನಿ.

“ನಿಜ ಹೇಳ್ಬೇಕು ಅಂದ್ರೆ, ಬೆಸಿಕ್...”